ವಂಶವೃಕ್ಷದಾಗ ನಮ್ಮವ್ವ ಎಲ್ಲಿ?

ವಿಜಯಪುರದಲ್ಲಿರುವ ನನ್ನ ಸೋದರಮಾವನ ಮನೆಯ ಪಡಸಾಲೆಯಲ್ಲಿ ಎರಡು ಪಟಗಳು ತೂಗುಬಿದ್ದಿವೆ. ಒಂದು ಹಡಗಿನದು. ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಂಡೆಗೆ ಜಾನ್ ಬ್ರೌನ್ ಎಂಬ ಹೆಸರಾಂತ ಕಾರ್ಖಾನೆಯವರು ಕಟ್ಟಿ, 1958ರಲ್ಲಿ ನಮ್ಮ ನೌಕಾಪಡೆಗೆ ಸೇರಿದ ಐಎನ್‌ಎಸ್ ಬ್ರಹ್ಮಪುತ್ರ. ಇನ್ನೊಂದು ನಮ್ಮ ತಾಯಿಯ ತವರಿನ ವಂಶವೃಕ್ಷ. ಬಬಲೇಶ್ವರ ಕಡೆಯ ಹಳೆಯ ಗೌಡಕಿ ಮನೆತನ ಅದು. ಏಳು ತಲೆಮಾರಿನ ಗಿಡ, ಟೊಂಗೆ ಟೊಂಗೆಗೂ ಬಂಗಾರ ಬಣ್ಣದ ಎಲೆ, ಎಲೆಯ ಮೇಲೊಂದು ಹೆಸರು.

ಮಾಮಾ ನೌಕಾಪಡೆಯಲ್ಲಿ ಕಮಾಂಡರ್ ಆಗಿ ನಿವೃತ್ತರಾದವರು. ಈಗ ಎಂಬತ್ತು ದಾಟಿದೆ. ಆದರೂ ಬೆಳಿಗ್ಗೆ ಐದಕ್ಕೆ ಎದ್ದು ಕೈಬೀಸಿ ನಡೆಯುತ್ತಾರೆ. ಪ್ರಾಯದಲ್ಲಿ ಅವರು ದುಡಿದ ಹಡಗು ಆ ಬ್ರಹ್ಮಪುತ್ರ. 1971ರ ಯುದ್ಧದಲ್ಲಿ ವಿಕ್ರಾಂತದ ಜೊತೆಗೆ ಬಂಗಾಲ ಕೊಲ್ಲಿಯಲ್ಲಿದ್ದ ಹಡಗು. ನಿವೃತ್ತಿಯ ಮೇಲೆ ಒಮ್ಮೆ ಸ್ಕಾಟ್ಲೆಂಡಿಗೆ ಹೋಗಿ, ತಮ್ಮ ಹಡಗು ಹುಟ್ಟಿದ ನದಿಯ ದಂಡೆಯಲ್ಲಿ ನಿಂತು ಕಣ್ಣೀರು ಹಾಕಿ ಬಂದವರು. ಬರುವಾಗ ಹಸಿರು ನೀಲಿ ಚೌಕಳಿಯ ಉಣ್ಣೆಯ ಮಫ್ಲರೊಂದನ್ನು ತಂದರು. ವಿಜಯಪುರದ ಎರಡು ತಿಂಗಳ ಚಳಿಯಲ್ಲಿ ಅದು ಅವರ ಕೊರಳು ಬಿಡುವುದಿಲ್ಲ.

ಬಂದವರ ಮುಂದೆಲ್ಲ ಮಾಮಾ ಸ್ಕಾಟ್ ಜನರ ಗುಣಗಾನ ಮಾಡುತ್ತಾರೆ. "ಆ ಮಂದಿ ನೋಡ್ರಿ, ಹ್ಯಾಂಗ ತಮ್ಮ ಕುಲಾ ಕಾಯ್ಕೊಂಡಾರ! ಮನೆತನಕ್ಕೊಂದು ಪಟ್ಟಿ ಅರಿವಿ, ಮನೆತನಕ್ಕೊಂದು ಮುದ್ರಿ. ನಮ್ಮ ಮಂದಿ ವತನ ಹೋದ ಮರುದಿನಾನ ಮನೆತನಾ ಮರತ್ರು" ಎನ್ನುತ್ತಾರೆ. ವತನದಾರಿಕೆಯನ್ನು ರದ್ದು ಮಾಡುವ ಕಾಯಿದೆ 1961ರಲ್ಲಿ ಬಂದಾಗ ಅವರ ತಂದೆಯವರು ಮೂರು ದಿನ ಉಂಡಿರಲಿಲ್ಲವಂತೆ. ಆ ಹಸಿವೇ ಈ ಮಫ್ಲರಿನಲ್ಲಿ ಉಳಿದುಕೊಂಡಿದೆಯೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇಷ್ಟು ದಿನ ಇದನ್ನೆಲ್ಲ ಕೇಳಿ ನಕ್ಕು ಚಹಾ ಕುಡಿದು ಬರುತ್ತಿದ್ದೆ. ಈ ವರ್ಷ ನಗಲಿಕ್ಕೆ ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಾಮಾನ ಮೊಮ್ಮಗಳು ಪಿಯುಸಿಯಲ್ಲಿ ವಿಜ್ಞಾನ ಓದಿದ ಹುಡುಗಿ. ಗಣಿತದಲ್ಲಿ ಗಟ್ಟಿ. ಸಣ್ಣವಳಿದ್ದಾಗಿನಿಂದ ಅಜ್ಜನ ತೊಡೆಯ ಮೇಲೆ ಕುಳಿತು ಹಡಗಿನ ಕಥೆ ಕೇಳಿದವಳು. ನಮ್ಮ ಈ ಬಯಲಿಂದ ಸಮುದ್ರ ಎಷ್ಟೋ ದೂರ. ಮಳೆ ಕೈಕೊಟ್ಟರೆ ಡೋಣಿ ಹೊಳೆಯಲ್ಲೂ ಮೊಳಕಾಲುದ್ದ ನೀರಿಲ್ಲದ ಊರು ನಮ್ಮದು. ಇಂಥಲ್ಲಿ ಹುಟ್ಟಿದ ಹುಡುಗಿಗೆ ಸಮುದ್ರದ ಹುಚ್ಚು ಹಿಡಿಸಿದವರು ಯಾರು? ಅಜ್ಜನೇ. ಆ ಹುಡುಗಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಗೆ ಅರ್ಜಿ ತುಂಬಿ, ಪ್ರವೇಶಪತ್ರ ತಂದು ಅಜ್ಜನ ಕಾಲಿಗೆ ಬಿದ್ದಳು. ಮಾಮಾ ಪತ್ರವನ್ನು ಓದಿದರು, ಮಡಚಿದರು, ತಮ್ಮ ಅಂಗಿಯ ಕಿಸೆಯಲ್ಲಿಟ್ಟುಕೊಂಡರು.

"ನಮ್ಮ ಮನೆತನದ ಹೆಣ್ಣು ಹಡಗ ಹತ್ತೂದಿಲ್ಲವಾ" ಎಂದರು.

ಮಾತು ಮುಗಿಯಿತು. ಪರೀಕ್ಷೆಯ ದಿನ ಹುಡುಗಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅದೇ ಮನೆಯ ಮೊಮ್ಮಗನನ್ನು ಆರನೆಯ ಇಯತ್ತೆಗೆ ಸೈನಿಕ ಶಾಲೆಗೆ ಸೇರಿಸಲು ಇದೇ ಮಾಮಾ ವರ್ಷಪೂರ್ತಿ ಮುಂದೆ ಕುಳಿತು ಲೆಕ್ಕ ಹೇಳಿಕೊಟ್ಟಿದ್ದರು. 1963ರಿಂದ ನಮ್ಮೂರಲ್ಲಿ ನಡೆದುಬಂದ ಶಾಲೆ ಅದು. ಸೈನಿಕ ಶಾಲೆಗಳ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದದ್ದು 2021ರಲ್ಲಿ. ಅಷ್ಟರಲ್ಲಿ ನಮ್ಮ ಹುಡುಗಿಯ ಆರನೆಯ ಇಯತ್ತೆ ದಾಟಿಹೋಗಿತ್ತು. ಆ ಬಾಗಿಲು ಸರಕಾರ ಮುಚ್ಚಿದ್ದು, ಹೋಗಲಿ. ಈ ಬಾಗಿಲನ್ನು ಸರಕಾರ ತೆರೆದಿದೆ, ಸುಪ್ರೀಂ ಕೋರ್ಟು ತೆರೆಸಿದೆ. ಮುಚ್ಚಿದವರು ಅಜ್ಜ. ಕೊಟ್ಟ ಕಾರಣ ಒಂದೇ: ಮನೆತನ.

ಹಾಗಾದರೆ ಈ ಮನೆತನವನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಆ ವಂಶವೃಕ್ಷದಲ್ಲಿ ನಾನು ನನ್ನ ಅವ್ವನ ಹೆಸರನ್ನು ಹುಡುಕಿದ್ದೇನೆ. ಇಲ್ಲ. ಮಾಮಾನಿಗಿಂತ ನಾಲ್ಕು ವರ್ಷ ದೊಡ್ಡವಳು ಅವ್ವ. ತಮ್ಮನನ್ನು ಬಗಲಲ್ಲಿ ಹೊತ್ತು ತಿರುಗಿಸುವ ಸಲುವಾಗಿ ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು. ತಮ್ಮ ಧಾರವಾಡದಲ್ಲಿ ಕಾಲೇಜು ಕಲಿಯುವಾಗ ಒಂದು ವರ್ಷ ಬರ ಬಿದ್ದು ಫೀ ಕಟ್ಟಲಾಗದೆ ಮನೆಗೆ ಬಂದು ಕುಳಿತ. ಅವ್ವ ತನ್ನ ಮದುವೆಯಲ್ಲಿ ಹಾಕಿದ ಬೋರಮಾಳವನ್ನು ಅತ್ತೆಗೆ ಗೊತ್ತಾಗದಂತೆ ಬಿಚ್ಚಿ ಕೊಟ್ಟಳು. ಮುಂದೆ ಆ ವಿಷಯ ಹೊರಬಿದ್ದು ಗಂಡನ ಮನೆಯಲ್ಲಿ ಅವಳು ತಿಂದ ಮಾತುಗಳನ್ನು ನಾನು ಕಿವಿಯಾರೆ ಕೇಳಿದ್ದೇನೆ. ಸಾಯುವತನಕ ಅವಳ ಕೊರಳಲ್ಲಿ ಕರಿಮಣಿಯ ಹೊರತು ಬೇರೆ ಸರ ಕಾಣಲಿಲ್ಲ. ಮಾಮಾನ ಬಿಳಿ ಸಮವಸ್ತ್ರದ ಬಂಗಾರದ ಗುಂಡಿಗಳನ್ನು ನೋಡಿದಾಗಲೆಲ್ಲ ನನಗೆ ಆ ಬೋರಮಾಳದ ಗುಂಡುಗಳೇ ಕಾಣುತ್ತವೆ.

"ಮಾಮಾ, ಗಿಡದಾಗ ನಮ್ಮವ್ವ ಎಲ್ಲಿ?" ಎಂದು ಒಮ್ಮೆ ಕೇಳಿದೆ.

"ಹೆಣ್ಣುಮಕ್ಕಳು ಬ್ಯಾರೆ ಮನಿ ಗಿಡಕ್ಕ ಹೋಗ್ತಾರವಾ. ಅಲ್ಲಿ ಇರ್ತಾರ."

ನನ್ನ ತಂದೆಯ ಮನೆಯಲ್ಲೂ ಅಂಥದೊಂದು ಗಿಡ ಇದೆ. ಅಲ್ಲಿ ನೋಡಿದೆ. ಅಲ್ಲೂ ಅವ್ವ ಇಲ್ಲ. ಅಲ್ಲಿ ಇರುವುದು ಅಪ್ಪ, ಅಪ್ಪನ ಕೆಳಗೆ ನನ್ನ ಇಬ್ಬರು ಅಣ್ಣಂದಿರು. ನಾಲ್ಕು ಮಕ್ಕಳನ್ನು ಹೆತ್ತವಳು, ಒಬ್ಬ ಕಮಾಂಡರನನ್ನು ಬೆಳೆಸಿದವಳು, ಎರಡು ಗಿಡಗಳಲ್ಲಿ ಎಲ್ಲಿಯೂ ಒಂದು ಎಲೆಯಾಗಲಿಲ್ಲ. ಗಿಡಕ್ಕೆ ನೀರು ಹಾಕಿದವರ ಹೆಸರು ಗಿಡದ ಮೇಲೆ ಬರೆಯುವುದಿಲ್ಲ ಎಂದು ಸುಮ್ಮನಾಗಲೇ?

ಇನ್ನು ಸ್ಕಾಟ್ಲೆಂಡಿನ ಮಾತು. ಮಾಮಾ ಅದನ್ನೇ ಸಾಕ್ಷಿಗೆ ಕರೆಯುವುದರಿಂದ ನಾನೂ ಅದನ್ನೇ ಕರೆಯುತ್ತೇನೆ. ಸಮಾಜಶಾಸ್ತ್ರ ಕಲಿಸುವ ಶಿಕ್ಷಕಿಗೆ ಇಷ್ಟು ಅಧಿಕಾರ ಇದೆ.

ಮೊದಲಿಗೆ ಆ ಮನೆತನದ ಚೌಕಳಿ ಅರಿವೆ. 1745ರ ಬಂಡಾಯ ಸೋತ ಮೇಲೆ ಗುಡ್ಡಗಾಡಿನ ಸ್ಕಾಟ್ ಗಂಡಸರು ಆ ಉಡುಪು ತೊಡಬಾರದೆಂದು 1746ರಲ್ಲಿ ಬ್ರಿಟಿಷ್ ಸಂಸತ್ತು ಕಾನೂನು ಮಾಡಿತು. ಅದು ರದ್ದಾದದ್ದು 1782ರಲ್ಲಿ. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಕ್ಕೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಂದೆ ನಿಂತು ಊರಿಗೆ ಊರೇ ಚೌಕಳಿ ಉಡುವಂತೆ ಮೆರವಣಿಗೆ ಮಾಡಿಸಿದ. ಒಂದು ಮನೆತನಕ್ಕೆ ಒಂದೇ ಪಟ್ಟೆ ಎಂಬ ಕಟ್ಟುನಿಟ್ಟು ಬಹುಮಟ್ಟಿಗೆ ಆ ಕಾಲದಿಂದ ಈಚೆಗೆ ಗಟ್ಟಿಯಾದದ್ದು. ಅನಾದಿಕಾಲದ್ದು ಎಂದು ನಾವು ತಲೆಯ ಮೇಲೆ ಹೊತ್ತುಕೊಳ್ಳುವ ಎಷ್ಟೋ ಸಂಪ್ರದಾಯಗಳ ವಯಸ್ಸು ಹೀಗೇ ಇರುತ್ತದೆ. ಒಬ್ಬರು ಯಾರೋ ಕೂತು ಮಾಡಿದ್ದು. ಮಾಡಿದ್ದನ್ನು ತಿದ್ದಲಿಕ್ಕೂ ಬರುತ್ತದೆ.

ಎರಡನೆಯದು, ಅದೇ ಸ್ಕಾಟ್ಲೆಂಡಿನಲ್ಲಿ ಮದುವೆಯಾದ ಹೆಣ್ಣು ಕಾಗದಪತ್ರಗಳಲ್ಲಿ ತನ್ನ ತವರಿನ ಅಡ್ಡಹೆಸರನ್ನು ಉಳಿಸಿಕೊಳ್ಳುವ ರೂಢಿ ಹಿಂದಿನಿಂದ ಇತ್ತು. ಗೋರಿಕಲ್ಲುಗಳ ಮೇಲೂ ಹೆಂಡತಿಯ ತವರಿನ ಹೆಸರು ಕೆತ್ತುತ್ತಿದ್ದರು. ಮಾಮಾ ಮಫ್ಲರನ್ನು ಮಾತ್ರ ತಂದರು. ಈ ರೂಢಿ ಅವರ ಪೆಟ್ಟಿಗೆಯಲ್ಲಿ ಹಿಡಿಯಲಿಲ್ಲವೇ?

ಮೂರನೆಯದು ನಮ್ಮ ನೆಲದ ಕಥೆ. 1824ರಲ್ಲಿ ಕಿತ್ತೂರಿನ ಮೇಲೆ ಏರಿಬಂದ ಥ್ಯಾಕರೆ ಸತ್ತ. ಅಂದು ರಾಣಿ ಚೆನ್ನಮ್ಮನ ಕೈಗೆ ಇಬ್ಬರು ತರುಣ ಅಧಿಕಾರಿಗಳು ಸೆರೆಸಿಕ್ಕರು. ಅವರಲ್ಲೊಬ್ಬ ವಾಲ್ಟರ್ ಎಲಿಯಟ್. ಎಡಿನ್‌ಬರೋದಲ್ಲಿ ಹುಟ್ಟಿದ ಇಪ್ಪತ್ತೊಂದರ ಹುಡುಗ. ರಾಣಿ ಅವನ ಕೂದಲು ಕೊಂಕದಂತೆ ಕಾಪಾಡಿ ಬಿಟ್ಟುಕೊಟ್ಟಳು. ಅವನು ಮುಂದೆ ನಮ್ಮ ಸೀಮೆಯ 500ಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿದ. ಕನ್ನಡದ ಇತಿಹಾಸ ಬರೆಯುವವರು ಇಂದಿಗೂ ಅವನ ಹೆಸರು ಬಿಡುವುದಿಲ್ಲ. ಕೋಟೆ ಕಾದವಳೂ ಹೆಣ್ಣು, ಸೆರೆಯಾಳನ್ನು ಮಾನದಿಂದ ನಡೆಸಿಕೊಂಡವಳೂ ಹೆಣ್ಣು. ಚೆನ್ನಮ್ಮ ಕುದುರೆ ಏರಿದ್ದಕ್ಕೆ ಕಿತ್ತೂರಿನ ಮನೆತನ ಮುಕ್ಕಾಯಿತೇ? ಇಂದು ಆ ಮನೆತನವನ್ನು ನಾವು ನೆನೆಯುವುದೇ ಅವಳಿಂದ.

ಈಗ ಆ ಎಲಿಯಟ್ ಮನೆತನದ ಸೀಮೆಗೇ ಬರೋಣ. ಅವರ ಹಳ್ಳಿಮನೆ ಇದ್ದದ್ದು ಸ್ಕಾಟ್ಲೆಂಡಿನ ತೆಂಕಣ ಗಡಿಯ ರಾಕ್ಸ್‌ಬರೋ ಸೀಮೆಯಲ್ಲಿ. ಅದೇ ಸೀಮೆಯ ಜೆಡ್‌ಬರೋ ಎಂಬ ಊರಲ್ಲಿ 1780ರಲ್ಲಿ ಒಬ್ಬ ಹುಡುಗಿ ಹುಟ್ಟಿದಳು, ಮೇರಿ. ತಂದೆ ವಿಲಿಯಂ ಜಾರ್ಜ್ ಫೇರ್‌ಫ್ಯಾಕ್ಸ್, ನೌಕಾಪಡೆಯ ಅಧಿಕಾರಿ. ಮುಂದೆ 1797ರ ಕ್ಯಾಂಪರ್‌ಡೌನ್ ಕಾಳಗದಲ್ಲಿ ಹೆಸರು ಮಾಡಿ ಸರ್ ಪದವಿ ಪಡೆದು ವೈಸ್ ಅಡ್ಮಿರಲ್ ಆದವನು. ಮಾಮಾ ಕೇಳಿದರೆ ಎದ್ದುನಿಂತು ಸಲಾಮು ಹೊಡೆಯುವಂಥ ಮನುಷ್ಯ.

ಈ ಅಡ್ಮಿರಲ್ ಸಮುದ್ರದಿಂದ ಮನೆಗೆ ಬಂದಾಗ ಮಗಳು ಕಡಲದಂಡೆಯಲ್ಲಿ ಚಿಪ್ಪು ಆಯುತ್ತ ಮನಸ್ಸು ಬಂದಂತೆ ಬೆಳೆದಿದ್ದಳು. ಸರಿಯಾಗಿ ಬರೆಯಲಿಕ್ಕೂ ಬಾರದು. ಒಂದು ವರ್ಷ ವಸತಿಶಾಲೆಗೆ ಕಳಿಸಿದರು, ಅಷ್ಟೇ ಅವಳ ಸಾಲೆ. ಮುಂದೆ ಹೆಂಗಸರ ಪತ್ರಿಕೆಯೊಂದರ ಒಗಟಿನ ಪುಟದಲ್ಲಿ ಬೀಜಗಣಿತದ ಅಕ್ಷರಗಳನ್ನು ಕಂಡು ಇದೇನೆಂದು ಅವಳಿಗೆ ಆಸೆ ಹುಟ್ಟಿತು. ತಮ್ಮನ ಮೇಷ್ಟರ ಕಡೆಯಿಂದ ಯೂಕ್ಲಿಡನ ಪುಸ್ತಕ ತರಿಸಿಕೊಂಡು ರಾತ್ರಿ ಕದ್ದು ಓದತೊಡಗಿದಳು. ಮನೆಯವರಿಗೆ ಗಾಬರಿ. ಗಣಿತದಿಂದ ಹುಡುಗಿಯ ತಲೆ ಕೆಟ್ಟೀತು ಎಂದು ತಂದೆಯ ಭಯ. ಅವಳ ಕೋಣೆಯಿಂದ ಮೇಣದಬತ್ತಿ ತೆಗೆಸಿದರು. ಹುಡುಗಿ ಕತ್ತಲಲ್ಲಿ ಮಲಗಿ, ಬಾಯಿಪಾಠ ಮಾಡಿಕೊಂಡ ಪ್ರಮೇಯಗಳನ್ನು ಮನಸ್ಸಿನಲ್ಲೇ ಬಿಡಿಸಿದಳು.

ಮೊದಲ ಗಂಡನಿಗೆ ಹೆಂಗಸರ ಬುದ್ಧಿಯ ಬಗೆಗೆ ನಂಬಿಕೆ ಇರಲಿಲ್ಲ. ಅವನು ತೀರಿಹೋದ ಮೇಲೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದು ಹಟದಿಂದ ಓದಿದಳು. ಎರಡನೆಯ ಗಂಡ ಬೆನ್ನಿಗೆ ನಿಂತ. 1831ರಲ್ಲಿ ಫ್ರೆಂಚ್ ಪಂಡಿತ ಲಾಪ್ಲಾಸನ ಖಗೋಳ ಗಣಿತವನ್ನು ಇಂಗ್ಲಿಷಿನಲ್ಲಿ ತಿಳಿಯುವಂತೆ ಬರೆದು ಪ್ರಕಟಿಸಿದಳು. 1835ರಲ್ಲಿ ರಾಯಲ್ ಖಗೋಳ ಸಂಘ ಅವಳನ್ನು ಗೌರವ ಸದಸ್ಯೆಯಾಗಿ ಆರಿಸಿತು. ಅವಳೇ ಮೇರಿ ಸೊಮರ್‌ವಿಲ್. 1879ರಲ್ಲಿ ಆಕ್ಸ್‌ಫರ್ಡಿನಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ಕಾಲೇಜಿಗೆ ಅವಳ ಹೆಸರಿಟ್ಟರು. ನಮ್ಮ ಇಂದಿರಾ ಗಾಂಧಿ ಓದಲು ಹೋದದ್ದು ಆ ಸೊಮರ್‌ವಿಲ್ ಕಾಲೇಜಿಗೇ. 2017ರಲ್ಲಿ ಸ್ಕಾಟ್ಲೆಂಡಿನ ಹತ್ತು ಪೌಂಡಿನ ನೋಟಿನ ಮೇಲೆ ಅವಳ ಮುಖ ಬಂತು.

ಅಡ್ಮಿರಲ್ ಸಾಹೇಬರ ಮುಖ ಯಾವ ನೋಟಿನ ಮೇಲೂ ಬಂದಂತಿಲ್ಲ. ಅವರ ಹೆಸರನ್ನು ಇಂದು ವಿಜಯಪುರದ ಒಬ್ಬ ಶಿಕ್ಷಕಿ ಬರೆಯುತ್ತಿದ್ದಾಳೆಂದರೆ ಅದು ಮಗಳ ದೆಸೆಯಿಂದ. ಯಾವ ಮಗಳ ಬತ್ತಿ ತೆಗೆಸಿದರೋ ಅವಳೇ ಆ ಮನೆತನದ ದೀಪವಾದಳು.

ಮಾಮಾ ಹಡಗಿನ ಜೀವನ ಹೆಂಗಸರದಲ್ಲ ಎನ್ನುತ್ತಾರೆ. ಅವರ ಕಾಲಕ್ಕೆ ಅದು ನಿಜವಿತ್ತು. ಈಗ ಕಾಲ ಎಲ್ಲಿಗೆ ಬಂದಿದೆ ನೋಡಿ. 1992ರಲ್ಲಿ ನೌಕಾಪಡೆ ವೈದ್ಯಕೀಯದ ಹೊರಗಿನ ಶಾಖೆಗಳಿಗೂ ಹೆಣ್ಣುಮಕ್ಕಳನ್ನು ಅಧಿಕಾರಿಗಳಾಗಿ ತೆಗೆದುಕೊಂಡಿತು. 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅವರಿಗೂ ಕಾಯಂ ಹುದ್ದೆಯ ಹಕ್ಕಿದೆ ಎಂದಿತು. 2022ರಲ್ಲಿ ರಕ್ಷಣಾ ಅಕಾಡೆಮಿಗೆ ಹುಡುಗಿಯರ ಮೊದಲ ತಂಡ ಹೋಯಿತು, 2025ರ ಮೇ ತಿಂಗಳಲ್ಲಿ ಅವರಲ್ಲಿ 17 ಜನ ತರಬೇತಿ ಮುಗಿಸಿ ಹೊರಬಂದರು. ಅದೇ ಮೇ ತಿಂಗಳಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ನೌಕಾಧಿಕಾರಿಣಿಯರು ತಾರಿಣಿ ಎಂಬ ಹಾಯಿದೋಣಿಯಲ್ಲಿ ಎಂಟು ತಿಂಗಳು ಜಗತ್ತನ್ನು ಸುತ್ತಿ ಗೋವೆಗೆ ಮರಳಿದರು. ದೋಣಿಯಲ್ಲಿ ಇಬ್ಬರೇ. ಅವರ ಮನೆಗಳಲ್ಲಿ ಮನೆತನ ಇರಲಿಲ್ಲವೇ?

ಒಂದು ಮಾತನ್ನು ಮಾಮಾನ ಪರವಾಗಿಯೂ ಹೇಳಬೇಕು. 1971ರ ಡಿಸೆಂಬರ್ 9ರ ರಾತ್ರಿ ಐಎನ್‌ಎಸ್ ಖುಕ್ರಿ ಅರಬ್ಬಿ ಸಮುದ್ರದಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ನೀರುಪಾಲಾದರು. ಅವರಲ್ಲಿ ಮಾಮಾನ ಒಬ್ಬ ಗೆಳೆಯನೂ ಇದ್ದ. ಪ್ರತಿ ವರ್ಷ ಆ ದಿನ ಮಾಮಾ ರಾತ್ರಿ ಊಟ ಮಾಡುವುದಿಲ್ಲ. "ನನ್ನ ಕೂಸಿಗೆ ಹಂಗಾಗಬಾರದವಾ, ನನಗ ಅಂಜಿಕಿ ಅದ" ಎಂದು ಅವರು ಹೇಳಿದ್ದರೆ ನಾನು ಅವರ ಕಾಲು ಹಿಡಿದು, ಹುಡುಗಿಯ ತಲೆ ಸವರಿ, ಸುಮ್ಮನೆ ಬರುತ್ತಿದ್ದೆ. ಅಂಜಿಕೆಗೆ ಮರ್ಯಾದೆ ಇದೆ. ಅಂಜಿಕೆಯ ಜೊತೆ ಮಾತಾಡಬಹುದು. ಆದರೆ ಅಂಜಿಕೆ ಗಂಡು ಹೆಣ್ಣು ನೋಡುವುದಿಲ್ಲವಲ್ಲ! ಮೊಮ್ಮಗನನ್ನು ಸೈನಿಕ ಶಾಲೆಗೆ ಬಿಡುವ ದಿನ ಮಾಮಾ ಓಣಿಗೆಲ್ಲ ಪೇಢೆ ಹಂಚಿದರು. ಹುಡುಗಿಯ ಮುಂದೆ ಅವರು ಆಡಿದ ಮಾತು ಮನೆತನದ್ದೇ. ಒಳಗಿನ ಅಂಜಿಕೆಗೆ ಮನೆತನದ ಮಫ್ಲರ್ ಸುತ್ತಿ ಹೊರಗೆ ತಂದರೆ ಅದು ಹುಕುಮು ಆಗುತ್ತದೆ. ಹುಕುಮಿನ ಎದುರು ಹದಿನೆಂಟರ ಹುಡುಗಿ ಏನು ಮಾತಾಡಬೇಕು?

ಇಷ್ಟು ಹೇಳಿ ಗಂಡಸರನ್ನು ಬೈದು ಮುಗಿಸಿದರೆ ನನ್ನ ಮಾತು ಅರ್ಧವಾದೀತು. ಗೆಳತಿಯರೇ, ಈ ಮನೆತನದ ಗಂಟನ್ನು ಹೊರುವವರು ಯಾರು? ನಾವೇ. ಕನ್ಯೆ ನೋಡಲಿಕ್ಕೆ ಹೋದಾಗ "ಮನೆತನಾ ಹ್ಯಾಂಗದರಿ?" ಎಂದು ಮೊದಲು ಕೇಳುವ ಬಾಯಿ ನಮ್ಮದು. ಮಗಳು ಜೋರಾಗಿ ನಕ್ಕರೆ "ಮನೆತನದ ಮರ್ಯಾದಿ ಕಳೀಬ್ಯಾಡ" ಎಂದು ಚಿವುಟುವ ಕೈ ನಮ್ಮದು. ಪರೀಕ್ಷೆಯ ದಿನ ಆ ಹುಡುಗಿಯ ಕೈಗೆ ರೊಟ್ಟಿಯ ಹಿಟ್ಟು ಕೊಟ್ಟವಳು ಅವಳ ತಾಯಿ, ಪಕ್ಕದಲ್ಲಿ ಅಜ್ಜಿ. ಆ ದಿನ ನಾನೂ ಅಲ್ಲಿಗೆ ಹೋಗಿದ್ದೆ. ಕೊಟ್ಟ ಚಹಾ ಕುಡಿದು ಸುಮ್ಮನೆ ಎದ್ದು ಬಂದೆ. ನನ್ನ ತಪ್ಪೂ ಅವರದರಷ್ಟೇ ಇದೆ.

ನಾನು ಬಹಳ ವರ್ಷ ತಿಕೋಟಾದ ಹೈಸ್ಕೂಲಿನಲ್ಲಿ ಕಲಿಸಿದೆ. ಅಲ್ಲಿ ದ್ರಾಕ್ಷಿಯ ತೋಟಗಳು. ಸುಗ್ಗಿ ಬಂದರೆ ಗೊನೆ ಕೊಯ್ಯುವವರು, ಶೆಡ್ಡಿನ ಬಲೆಯ ಮೇಲೆ ಹರವುವವರು, ಒಣಗಿದ ಮೇಲೆ ಕಡ್ಡಿ ತೆಗೆದು ಬಣ್ಣ ನೋಡಿ ಆರಿಸುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಆ ದಿನಗಳಲ್ಲಿ ನನ್ನ ತರಗತಿಯ ಅರ್ಧ ಹುಡುಗಿಯರು ಗೈರುಹಾಜರಿ. ಆದರೆ ಒಣದ್ರಾಕ್ಷಿಯ ಪೆಟ್ಟಿಗೆಯ ಮೇಲೆ ಅಚ್ಚಾಗುವುದು ತಂದೆಯ ಹೆಸರು, ಇಲ್ಲವೇ ಮಗನ ಹೆಸರು. ಪೆಟ್ಟಿಗೆಯ ಮೇಲಿನ ಹೆಸರೂ ಒಂದು ವಂಶವೃಕ್ಷವೇ.

ನಮ್ಮ ವಿಜಯಪುರದ ಹೊರವಲಯದಲ್ಲಿ ಸಾಠ ಕಬರ್ ಇದೆ. ಒಂದೇ ಕಟ್ಟೆಯ ಮೇಲೆ ಸಾಲು ಸಾಲಾಗಿ ಅರವತ್ತಕ್ಕೂ ಹೆಚ್ಚು ಗೋರಿಗಳು. ಯುದ್ಧಕ್ಕೆ ಹೊರಟ ಅಫ್ಜಲಖಾನ ತಾನು ಮರಳಿ ಬರುವುದಿಲ್ಲವೆಂದು ತಿಳಿದು ತನ್ನ ಹೆಂಡಂದಿರನ್ನು ಕೊಂದು ಹುಗಿಸಿದ ಎಂದು ಜನ ಹೇಳುವ ಕಥೆ. ಕಥೆ ಎಷ್ಟು ಖರೆಯೋ, ಇತಿಹಾಸಕಾರರು ಹೇಳಲಿ. ಸಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಒಬ್ಬ ಹುಡುಗಿ ನನ್ನನ್ನು ಕೇಳಿದಳು: "ಟೀಚರ, ಇವರ ಹೆಸರು ಏನ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಖಾನನ ಹೆಸರು ಊರಿಗೆಲ್ಲ ಗೊತ್ತು. ಅರವತ್ತು ಹೆಣ್ಣುಗಳಲ್ಲಿ ಒಬ್ಬಳ ಹೆಸರೂ ನಮ್ಮಲ್ಲಿ ಯಾರ ಬಾಯಲ್ಲೂ ಇಲ್ಲ. ಅದೇ ಊರಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ 2003ರಲ್ಲಿ ಹುಟ್ಟಿತು, 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆಯಿತು. ಗಂಡನನ್ನು, ಅರಮನೆಯನ್ನು, ಮನೆತನವನ್ನು ಬಿಟ್ಟು ನಡೆದವಳ ಹೆಸರು! ಅವಳ ಹೆಸರಿನ ಫಲಕದ ಕೆಳಗೆ ದಿನಾ ಓಡಾಡುತ್ತ ನಾವು ಮಗಳಿಗೆ ಮನೆತನದ ಬೀಗ ಹಾಕುತ್ತೇವೆ.

ಮನೆತನದ ಅಭಿಮಾನ ಬೇಡವೆಂದು ನಾನು ಹೇಳುತ್ತಿಲ್ಲ. ಹಿರಿಯರನ್ನು ನೆನೆಯುವುದು ಒಳ್ಳೆಯ ಗುಣ. ಆದರೆ ಪೂರ್ತಿ ನೆನೆಯಿರಿ. ಬೋರಮಾಳ ಬಿಚ್ಚಿಕೊಟ್ಟವಳನ್ನೂ ನೆನೆಯಿರಿ. ಅವಳನ್ನು ನೆನೆದವರಿಗೆ ಅವಳ ಕುಲದ ಹುಡುಗಿಯನ್ನು ತಡೆಯಲು ಬಾಯಿ ಬರುವುದಿಲ್ಲ.

ಹೋದ ವಾರ ಹುಡುಗಿ ನಮ್ಮ ಮನೆಗೆ ಬಂದಿದ್ದಳು. "ದೊಡ್ಡವ್ವ, ವಯಸ್ಸಿನ ಲೆಕ್ಕದಾಗ ಇನ್ನ ಒಂದ ಪರೀಕ್ಷೆ ಉಳದದ" ಎಂದಳು. ಮತ್ತೆ ಅರ್ಜಿ ತುಂಬಿದ್ದಾಳೆ. ಈ ಸಲ ಪ್ರವೇಶಪತ್ರ ನನ್ನ ಕಪಾಟಿನಲ್ಲಿದೆ, ಮಾಮಾನ ಕಿಸೆಯಲ್ಲಿಲ್ಲ. ಪರೀಕ್ಷೆ ಧಾರವಾಡದಲ್ಲಿ. ಅವ್ವನ ಬೋರಮಾಳ ಮಾಮಾನನ್ನು ಕಳಿಸಿದ ಅದೇ ಧಾರವಾಡ.

ಕದ್ದು ಹೋಗುವ ಮನಸ್ಸು ನನಗಿಲ್ಲ. ಆದಿತ್ಯವಾರ ಮಾಮಾನ ಮನೆಗೆ ಹೋಗಿ ಎಲ್ಲವನ್ನೂ ಹೇಳುತ್ತೇನೆ. ಮೇರಿಯ ಕಥೆಯಲ್ಲಿ ನಾನು ಬಿಟ್ಟ ಒಬ್ಬ ಮನುಷ್ಯನ ಬಗ್ಗೆಯೂ ಹೇಳುತ್ತೇನೆ. ಆ ಹುಡುಗಿ ತನ್ನಷ್ಟಕ್ಕೆ ಲ್ಯಾಟಿನ್ ಕಲಿಯುತ್ತಿದ್ದಾಳೆಂದು ತಿಳಿದಾಗ ಬಂಧುಗಳಲ್ಲಿ ಒಬ್ಬ ಹಿರಿಯ ನಗಲಿಲ್ಲ, ಬೈಯಲಿಲ್ಲ. ಅವಳ ಚಿಕ್ಕಮ್ಮನ ಗಂಡ, ಜೆಡ್‌ಬರೋದ ಪಾದ್ರಿ ಥಾಮಸ್ ಸೊಮರ್‌ವಿಲ್. ಬೆಳಗಿನ ಹೊತ್ತು ಪಕ್ಕದಲ್ಲಿ ಕೂಡಿಸಿಕೊಂಡು ತಾನೇ ಪಾಠ ಹೇಳಿದ. "ಮಾಮಾ, ಸ್ಕಾಟ್ಲೆಂಡಿನ್ಯಾಗ ಅಡ್ಮಿರಲ್ಲೂ ಇದ್ರು, ಇಂಥಾ ಹಿರ್ಯಾರೂ ಇದ್ರು. ನೀವು ಯಾರ ಮಫ್ಲರ್ ಹಾಕ್ಕೋತೀರಿ?" ಎಂದು ಕೇಳುತ್ತೇನೆ.

ಅವರು ಹೂಂ ಎಂದರೆ ಗಣಿತದ ಪುಸ್ತಕ ಅವರ ಕೈಗೇ ಕೊಟ್ಟುಬರುತ್ತೇನೆ. ಮೊಮ್ಮಗನಿಗೆ ಹೇಳಿಕೊಟ್ಟ ಮೇಷ್ಟರು ಅವರು, ಕಲಿಸಲಿಕ್ಕೆ ನನಗಿಂತ ವಾಸಿ. ಒಲ್ಲೆ ಎಂದರೂ ಪರೀಕ್ಷೆಯ ಹಿಂದಿನ ದಿನದ ಧಾರವಾಡ ಬಸ್ಸಿಗೆ ಎರಡು ಸೀಟು ಕಾಯ್ದಿರಿಸಿದ್ದೇನೆ. ಒಂದು ಅವಳದು, ಒಂದು ನನ್ನದು. ಬುತ್ತಿಯ ರೊಟ್ಟಿಯನ್ನು ಈ ಸಲ ನಾನು ಬಡಿಯುತ್ತೇನೆ.